ಅವತ್ತಿನದು ಅವತ್ತೇ ಬರೆದವರು: ಕ್ಷೇತ್ರಕಾರ್ಯದ ಇತಿಹಾಸವೂ ನಮ್ಮ ಭೂಗೋಳ ಪರೀಕ್ಷೆಯೂ

"ಅಣ್ಣ, ಫೀಲ್ಡ್ ವರ್ಕ್ ರೆಕಾರ್ಡ್ ಒಂದೇ ರಾತ್ರೀಲಿ ಮುಗಿಸಬೋದಾ?"

ಕೇಳಿದವಳು ನಮ್ಮ ಪಕ್ಕದ ಬೀದಿಯ ಹುಡುಗಿ. ದ್ವಿತೀಯ ಪಿಯು, ಕಲಾ ವಿಭಾಗ. ಭೂಗೋಳದ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಕೈಯಲ್ಲಿ ಹಿಂದಿನ ವರ್ಷದ ಯಾರದೋ ರೆಕಾರ್ಡಿನ ಜೆರಾಕ್ಸ್. ಊರಿನ ಹೆಸರೊಂದನ್ನು ಬದಲಾಯಿಸಿ ಉಳಿದದ್ದನ್ನು ಹಾಗೇ ಇಳಿಸಿಕೊಳ್ಳುವುದು ಅವಳ ಲೆಕ್ಕ. ಆ ಜೆರಾಕ್ಸಿನ ಊರಲ್ಲಿ ನಾಲೆ ನೀರು, ಭತ್ತ, ಕಬ್ಬು. ನಮ್ಮೂರಿಗೆ ನಾಲೆಯೇ ಇಲ್ಲ. ಇಲ್ಲಿರುವುದು ರಾಗಿ, ತೆಂಗು, ಬತ್ತಿದ ಬೋರ್‌ವೆಲ್.

ನಗು ಬಂತು, ಆದರೆ ನಗಲಿಲ್ಲ. ನಾವೂ ಅದನ್ನೇ ಮಾಡಿದವರು.

ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಮಗೊಂದು ಗ್ರಾಮ ಸಮೀಕ್ಷೆ ಕೊಟ್ಟಿದ್ದರು. 40 ಮನೆಗೆ ಹೋಗಬೇಕಿತ್ತು. ಹೋದದ್ದು 12 ಮನೆಗೆ. ಉಳಿದ 28 ಮನೆಯ ಫಾರಂಗಳನ್ನು ಕೊನೆಯ ದಿನ ದೇವಸ್ಥಾನದ ಜಗುಲಿ ಮೇಲೆ ಕೂತು ತುಂಬಿದೆವು. ಅಂಕವೇನೋ ಬಂತು. ವರ್ಷಗಳಾದ ಮೇಲೆ ಅದೇ ಊರಿಗೆ ಕೊಳವೆಬಾವಿ ಬತ್ತಿದ ಸುದ್ದಿ ಬರೆಯಲು ಹೋದೆವು. ಮೊದಲು ಎಷ್ಟು ಅಡಿಗೆ ನೀರು ಸಿಗುತ್ತಿತ್ತು ಎಂದು ತಿಳಿಯಲು ನಮ್ಮದೇ ಹಳೆಯ ವರದಿ ತೆಗೆದರೆ, ಅದರಲ್ಲಿದ್ದ ಒಂದು ಅಂಕಿಯನ್ನೂ ನಂಬುವ ಹಾಗಿರಲಿಲ್ಲ. ಯಾವುದು ನಿಜವಾದ 12, ಯಾವುದು ಜಗುಲಿಯ 28 ಎಂದು ನಮಗೇ ಗೊತ್ತಾಗಲಿಲ್ಲ.

ಅದಕ್ಕೇ ಈ ಬರಹ. ಕ್ಷೇತ್ರಕಾರ್ಯ ಎಂದರೆ ಪರೀಕ್ಷೆಯವರು ಹೊಸದಾಗಿ ಹುಡುಕಿದ ತಲೆನೋವಲ್ಲ. ನಮ್ಮ ಹಳ್ಳಿಗಳ ಮೇಲೆ ಅದು 200 ವರ್ಷಕ್ಕೂ ಮಿಗಿಲಾಗಿ ನಡೆದುಬಂದಿದೆ. ಅದನ್ನು ಮಾಡಿದವರು ಸಮಯವನ್ನು ಹೇಗೆ ಹಂಚಿಕೊಂಡರು ಎಂದು ನೋಡಿದರೆ ಪರೀಕ್ಷೆಗೆ ಬೇಕಾದ ಪಾಠ ಅಲ್ಲೇ ಸಿಗುತ್ತದೆ.

1800: ದಿನಾಂಕ ಹಾಕಿ ಬರೆದ ಪ್ರವಾಸ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದರು. ಈಸ್ಟ್ ಇಂಡಿಯಾ ಕಂಪನಿಗೆ ಹೊಸ ಸೀಮೆ ಸಿಕ್ಕಿತು. ಆದರೆ ಇಲ್ಲಿ ಏನು ಬೆಳೆಯುತ್ತದೆ, ಯಾರು ಏನು ನೇಯುತ್ತಾರೆ, ಯಾವ ಸಂತೆಯಲ್ಲಿ ಏನು ಮಾರುತ್ತದೆ ಎಂಬುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ನೇಮಿಸಿದರು. ಏನೇನು ವಿಚಾರಿಸಬೇಕು ಎಂಬ ಪಟ್ಟಿಯನ್ನೂ ಮೊದಲೇ ಕೊಟ್ಟರು. ಅದರಲ್ಲಿ ವ್ಯವಸಾಯಕ್ಕೇ ಮೊದಲ ಸ್ಥಾನ. ನಿಮ್ಮ ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಸಮಸ್ಯೆ, ಉದ್ದೇಶ, ವ್ಯಾಪ್ತಿ ಮೂರೂ ಹೊರಡುವ ಮುಂಚೆಯೇ ಗೊತ್ತಾಗಿದ್ದವು.

ಬುಕಾನನ್ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟರು. ಮೈಸೂರು ಸೀಮೆ, ಕೊಯಮತ್ತೂರು, ಮಲಬಾರ್, ಕೆನರಾ ಸುತ್ತಿ ಮರಳಿದ್ದು 1801ರ ಜುಲೈನಲ್ಲಿ. 14 ತಿಂಗಳಿಗೂ ಹೆಚ್ಚಿನ ತಿರುಗಾಟ. 1807ರಲ್ಲಿ ಅದು ಮೂರು ಸಂಪುಟಗಳ ಪುಸ್ತಕವಾಯಿತು.

ಆ ಪುಸ್ತಕ ಸಾಗುವುದು ದಿನಾಂಕಗಳ ಮೇಲೆ. ಇಂಥ ದಿನ ಇಷ್ಟು ಕೋಸು ನಡೆದೆ, ದಾರಿಯಲ್ಲಿ ಮಣ್ಣು ಹೀಗಿತ್ತು, ಇಂಥ ಊರಲ್ಲಿ ತಂಗಿದೆ, ರೈತರು ಹೀಗೆ ಹೇಳಿದರು. ಶ್ರೀರಂಗಪಟ್ಟಣದ ಸುತ್ತಿನ ಗದ್ದೆ ಬೇಸಾಯ, ಬೆಂಗಳೂರಿನ ನೇಕಾರರು ಮತ್ತು ಬಣ್ಣಗಾರರು, ಗುಬ್ಬಿಯ ಸಂತೆ, ಶಿರಾ, ಮಧುಗಿರಿ ಕಡೆಯ ಹೊಲಗಳು ಎಲ್ಲವೂ ಅದರಲ್ಲಿವೆ. ರಾಗಿಗೆ ಎಷ್ಟು ಸಲ ಉಳುತ್ತಾರೆ, ಗೊಬ್ಬರ ಯಾವಾಗ ಹಾಕುತ್ತಾರೆ, ಆಳಿಗೆ ಕೂಲಿ ಎಷ್ಟು ಎಂಬುದೂ ಇದೆ. ಮಣ್ಣಿನ ಬಗೆ, ಬೆಳೆ, ನೇಗಿಲಿನ ಭಾಗಗಳಿಗೆ ಜನ ಹೇಳುವ ಹೆಸರುಗಳನ್ನೇ ತಮ್ಮ ಕಿವಿಗೆ ಕೇಳಿದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು.

ಅವರಿಗೆ ಕನ್ನಡ ಬರುತ್ತಿರಲಿಲ್ಲ, ದುಭಾಷಿಗಳನ್ನು ನಂಬಬೇಕಿತ್ತು. ಕಂಪನಿಯ ಕಣ್ಣಿನಿಂದಲೇ ನೋಡಿದರು, ನಮ್ಮ ಜನರ ಬಗ್ಗೆ ಒರಟಾದ ತೀರ್ಪುಗಳನ್ನೂ ಕೊಟ್ಟರು. ಎಷ್ಟೋ ಕಡೆ ರೈತರು ಸರಿಯಾದ ಲೆಕ್ಕ ಹೇಳಲು ಹಿಂಜರಿದರು. ಬರೆದುಕೊಂಡು ಹೋದವನು ನಾಳೆ ಕಂದಾಯ ಏರಿಸಿಯಾನು ಎಂಬ ಭಯ. ಆದ್ದರಿಂದ ಒಬ್ಬ ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ತಾಳೆ ನೋಡುವುದು ಅನಿವಾರ್ಯವಾಗಿತ್ತು.

ಇಷ್ಟೆಲ್ಲ ಕೊರತೆ ಇದ್ದರೂ 1800ರ ನಮ್ಮ ಹಳ್ಳಿ ಹೇಗಿತ್ತು ಎಂದು ತಿಳಿಯಲು ಇತಿಹಾಸಕಾರರು ಇವತ್ತಿಗೂ ಆ ಪುಸ್ತಕ ತೆರೆಯುತ್ತಾರೆ. ಬೆಳಿಗ್ಗೆ ನೋಡಿದ್ದನ್ನು, ಸಂಜೆ ಕೇಳಿದ್ದನ್ನು ಅವರು ದಿನದ ಲೆಕ್ಕದಲ್ಲಿ ಬರೆದಿಟ್ಟರು. ಇಡೀ ಮೈಸೂರು ಸುತ್ತಿ ಬಂದು ಕೊನೆಗೆ ನೆನಪಿನಿಂದ ಬರೆಯುತ್ತೇನೆ ಎಂದಿದ್ದರೆ ಗುಬ್ಬಿಯ ಸಂತೆಯೂ ಶಿರಾದ ಹೊಲವೂ ಒಂದರೊಳಗೊಂದು ಕಲಸಿಹೋಗುತ್ತಿದ್ದವು.

ಎಂಟು ಹುಡುಗರ ಶಾಲೆ

ಬುಕಾನನ್ ತಿರುಗುತ್ತಿದ್ದ ಕಾಲದಲ್ಲೇ ಕಾಲಿನ್ ಮ್ಯಾಕೆಂಜಿ ಎಂಬ ಸೇನಾಧಿಕಾರಿ ಮೈಸೂರಿನ ನಕ್ಷೆ ಮಾಡಿಸುತ್ತಿದ್ದರು. ಗಡಿ, ಹಾದಿ, ಕೆರೆ, ಬೆಟ್ಟಗಳ ಜೊತೆಗೆ ಶಾಸನ, ಕೈಫಿಯತ್ತು, ಊರಿನ ಕಥೆಗಳನ್ನೂ ಕಲೆಹಾಕಿಸಿದರು. ಸ್ಥಳೀಯರಿಂದ ಮಾತು ಹೊರಡಿಸಿದವರು ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮ ಲಕ್ಷ್ಮಯ್ಯನಂಥ ನಮ್ಮವರೇ. ಬೋರಯ್ಯ 1803ರಲ್ಲಿ ತೀರಿಕೊಂಡ ಮೇಲೆ ಲಕ್ಷ್ಮಯ್ಯ ಕೆಲಸ ಮುಂದುವರಿಸಿದರು.

ಮ್ಯಾಕೆಂಜಿಯ ತಂಡದಲ್ಲಿ ಎಳೆಯ ಹುಡುಗರೂ ಇದ್ದರು. ಮದರಾಸಿನಲ್ಲಿ 1794ರಲ್ಲಿ ಒಂದು ಸರ್ವೆ ಶಾಲೆ ಶುರುವಾಗಿತ್ತು, ಮೊದಲಿಗೆ ಎಂಟೇ ವಿದ್ಯಾರ್ಥಿಗಳು. ಆ ಶಾಲೆಯಲ್ಲಿ ಕಲಿತ ಕೆಲವರು ಮೈಸೂರಿನ ಸರ್ವೆಗೆ ಬಂದರು. ಅವರ ನಿಜವಾದ ಪರೀಕ್ಷೆ ನಡೆದದ್ದು ಬಿಸಿಲಲ್ಲಿ, ಬಯಲಲ್ಲಿ. ಅದೇ ಶಾಲೆ ಬೆಳೆದು ಇಂದು ಚೆನ್ನೈನ ಗಿಂಡಿ ಎಂಜಿನಿಯರಿಂಗ್ ಕಾಲೇಜಾಗಿದೆ.

ಒಂದು ಸರಪಳಿ, ಎರಡು ಸಲ ಅಳತೆ

ಅದೇ 1800ರಲ್ಲಿ ಬೆಂಗಳೂರಿನ ಬಯಲಲ್ಲಿ ವಿಲಿಯಂ ಲ್ಯಾಂಬ್ಟನ್ 100 ಅಡಿಯ ಉಕ್ಕಿನ ಸರಪಳಿ ಎಳೆದು ನೆಲ ಅಳೆಯುತ್ತಿದ್ದರು. ಆ ಸರಪಳಿಯದೇ ಒಂದು ಕಥೆ. ಚೀನಾದ ಚಕ್ರವರ್ತಿಗೆ ಉಡುಗೊರೆಯೆಂದು ಬ್ರಿಟಿಷರು ಒಯ್ದಿದ್ದ ವಸ್ತುಗಳಲ್ಲಿ ಅದೂ ಒಂದು. ಅಲ್ಲಿ ಬೇಡವಾಗಿ ಕಲ್ಕತ್ತೆಗೆ ಬಂದು, ಕೊನೆಗೆ ಲ್ಯಾಂಬ್ಟನ್ ಕೈ ಸೇರಿತ್ತು.

1802ರ ಏಪ್ರಿಲ್ 10ರಂದು ಅವರು ಮದರಾಸಿನಲ್ಲಿ ಸುಮಾರು ಏಳೂವರೆ ಮೈಲಿಯ ಮೂಲರೇಖೆಯ ಅಳತೆ ಶುರುಮಾಡಿದರು. ಏಳೂವರೆ ಮೈಲಿ ಎಂದರೆ 39,600 ಅಡಿ. 100 ಅಡಿಯ ಸರಪಳಿಯನ್ನು ಹತ್ತಿರ ಹತ್ತಿರ 400 ಸಲ ಎತ್ತಿ ಇಡಬೇಕು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಅಳತೆಯ ಜೊತೆಗೆ ಉಷ್ಣತೆಯನ್ನೂ ಬರೆದುಕೊಳ್ಳಬೇಕಿತ್ತು.

ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತ ಪಶ್ಚಿಮಕ್ಕೆ ಬಂದರು. ಒಂದು ಬಾಹು, ಎರಡು ಕೋನ ಗೊತ್ತಿದ್ದರೆ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ತೆಗೆಯಬಹುದು, ನೀವು ಗಣಿತದಲ್ಲಿ ಓದಿದ್ದೀರಿ. ಆದರೆ ಲ್ಯಾಂಬ್ಟನ್ ಲೆಕ್ಕವನ್ನೇ ನಂಬಿ ಕೂರಲಿಲ್ಲ. 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೆ ನೆಲದ ಮೇಲೆ ಸರಪಳಿ ಎಳೆಸಿದರು. ಮದರಾಸಿನಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ಇಲ್ಲಿ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಕೆಲವೇ ಇಂಚು. ಆಮೇಲೆ ಮಂಗಳೂರಿನ ಕಡಲ ತನಕ ಹೋದಾಗ ಗೊತ್ತಾಯಿತು: ಎರಡು ಕರಾವಳಿಗಳ ನಡುವಿನ ದೂರ ಹಳೆಯ ನಕ್ಷೆಗಳು ತೋರಿಸಿದಂತೆ 400 ಮೈಲಿ ಅಲ್ಲ, ಸುಮಾರು 360.

ಸಮಯದ ಲೆಕ್ಕವೂ ಅವರ ಕೆಲಸದ ಭಾಗವೇ. ಬೇಸಿಗೆಯಲ್ಲಿ ಧೂಳು, ಬಿಸಿಲ ಝಳ. ದೂರದ ಗುಡ್ಡ ಕಾಣುವುದಿಲ್ಲ. ಮಳೆ ಬಿದ್ದ ಮೇಲೆ ಗಾಳಿ ತಿಳಿಯಾಗುತ್ತದೆ, ಆದರೆ ಅದೇ ಕಾಲದಲ್ಲಿ ಕಾಡಿನಲ್ಲಿ ಜ್ವರ. ಲ್ಯಾಂಬ್ಟನ್ ನಂತರ ಬಂದ ಜಾರ್ಜ್ ಎವರೆಸ್ಟ್ ಜ್ವರ ತಿಂದು ಪಾಠ ಕಲಿತು, ಮುಂದೆ ಒಣ ಕಾಲದಲ್ಲಿ ರಾತ್ರಿ ದೀಪ ಹಚ್ಚಿಸಿ ಅಳೆಯುವ ಕ್ರಮ ತಂದರು. ಯಾವ ಕೆಲಸಕ್ಕೆ ಯಾವ ಹೊತ್ತು ಎಂದು ಮೊದಲು ಗೊತ್ತುಮಾಡಿಕೊಂಡವರ ಸರ್ವೆ ಮುಂದೆ ಹೋಯಿತು.

ಇದೆಲ್ಲ ದೊರೆಗಳ ಕಥೆ, ನಮಗೇನು ಎನ್ನಬೇಡಿ. ನಿಮ್ಮ ಪಹಣಿಯಲ್ಲಿರುವ ಗುಂಟೆಯೂ ಸರಪಳಿಯ ಮಗುವೇ. ಮೋಜಣಿಯ ಸರಪಳಿ 33 ಅಡಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇಟ್ಟರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ಮೈಸೂರು ಸೀಮೆಯಲ್ಲಿ ಬಾಂಬೆ ಮಾದರಿಯ ಕಂದಾಯ ಮೋಜಣಿ ಆರಂಭವಾದದ್ದು 1863ರಲ್ಲಿ. ಆಗ ಹೊಲದಲ್ಲೇ ನಿಂತು ಬರೆದ ಅಳತೆಯ ಹಾಳೆಗೆ ಮೋಜಣಿಯವರು ಹೇಳುವ ಹೆಸರು 'ಟಿಪ್ಪಣಿ'. ಇಂದಿಗೂ ಅಣ್ಣತಮ್ಮಂದಿರ ನಡುವೆ ಬದುವಿನ ಜಗಳ ಬಂದರೆ ಮೊದಲು ಕೇಳುವುದು, "ಟಿಪ್ಪಣಿ ತೆಗೆಸಿದ್ದೀರಾ?" ಎಂದೇ. ಹೊಲದಲ್ಲಿ ನಿಂತು ಬರೆದ ಹಾಳೆಯ ಬೆಲೆ ಅಷ್ಟು.

ವಿದ್ಯಾರ್ಥಿಗಳೇ ಬರೆದ ಹಳ್ಳಿಗಳು

ಇಲ್ಲಿಯವರೆಗಿನದು ನಮ್ಮನ್ನು ಹೊರಗಿನವರು ಅಳೆದ ಕಥೆ. ಮುಂದಿನದು ವಿದ್ಯಾರ್ಥಿಗಳದು.

ಮದರಾಸು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ 1916ರ ಹೊತ್ತಿಗೆ ಒಂದು ಹೊಸ ಕೆಲಸ ಮಾಡಿದರು. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು, ರಜೆಗೆ ಹೋದಾಗ ತಮಗೆ ಗೊತ್ತಿರುವ ಊರನ್ನೇ ಸಮೀಕ್ಷೆ ಮಾಡಿ ಬರಲು ಹೇಳಿದರು. ಜಮೀನು ಯಾರದು, ಸಾಲ ಎಷ್ಟು, ಕೂಲಿ ಎಷ್ಟು ಎಂಬಂಥ ಪ್ರಶ್ನೆಗಳು. ಅವು 1918ರಲ್ಲಿ ಪುಸ್ತಕವಾಗಿ ಬಂದವು. ಸುಮಾರು 20 ವರ್ಷಗಳ ಮೇಲೆ, 1936-37ರಲ್ಲಿ ಬೇರೆ ವಿದ್ವಾಂಸರು ಅದೇ ಹಳ್ಳಿಗಳಿಗೆ ಮತ್ತೆ ಹೋದರು. ಏನು ಬದಲಾಯಿತು ಎಂದು ಹೋಲಿಸಿ ನೋಡಲು ಆಯಿತು, ಏಕೆಂದರೆ ಮೊದಲು ಹೋದ ಹುಡುಗರು ನಿಜವಾಗಿ ಕೇಳಿ ಬರೆದಿದ್ದರು. ನಮ್ಮ ಜಗುಲಿಯ 28 ಫಾರಂ ನೆನಪಾಗಿ ಇಲ್ಲಿ ನಮಗೆ ಚುಚ್ಚುತ್ತದೆ.

ಇನ್ನೊಂದು ಬ್ರಿಟನ್ನಿನದು. ಭೂಗೋಳ ತಜ್ಞ ಡಡ್ಲಿ ಸ್ಟಾಂಪ್ 1930ರಲ್ಲಿ ದೇಶದ ಭೂಬಳಕೆಯ ಸಮೀಕ್ಷೆ ಶುರುಮಾಡಿದರು. ಕೈಯಲ್ಲಿ ಹಣ ಕಡಿಮೆ, ಆದರೆ ಊರೂರಲ್ಲಿ ಶಾಲೆಗಳಿದ್ದವು. ಸಾವಿರಾರು ಮಕ್ಕಳು, ಮೇಷ್ಟರು ಆರು ಇಂಚಿಗೆ ಒಂದು ಮೈಲಿಯ ನಕ್ಷೆ ಹಿಡಿದು ಹೊಲ ಹೊಲ ಸುತ್ತಿದರು. ಉಳುವ ಭೂಮಿಗೆ ಒಂದು ಅಕ್ಷರ, ಹುಲ್ಲುಗಾವಲಿಗೆ ಒಂದು, ಕಾಡಿಗೆ ಒಂದು. ಹೊಲದ ಅಂಚಿನಲ್ಲಿ ನಿಂತು ಅಲ್ಲೇ ನಕ್ಷೆಯ ಮೇಲೆ ಆ ಅಕ್ಷರ ಬರೆಯಬೇಕು, ಅಷ್ಟೇ. 1939ರಲ್ಲಿ ಯುದ್ಧ ಬಂತು. ಹೊರದೇಶದ ಧಾನ್ಯ ಹೊತ್ತ ಹಡಗುಗಳಿಗೆ ಅಪಾಯ. ಎಲ್ಲಿ ಹೆಚ್ಚು ಬೆಳೆಯಬಹುದು ಎಂದು ಯೋಚಿಸುವಾಗ ಮಕ್ಕಳು ತುಂಬಿದ ಆ ನಕ್ಷೆಗಳು ಸರ್ಕಾರದ ಉಪಯೋಗಕ್ಕೆ ಬಂದವು.

ಬೆಂಕಿಗೆ ಸಿಕ್ಕ ಟಿಪ್ಪಣಿ

ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಊರಿಗೆ ಅವರು ಇಟ್ಟ ಹೆಸರು ರಾಂಪುರ. ಟಿಪ್ಪಣಿಗಳನ್ನು ವಿಂಗಡಿಸಿ ಸಿದ್ಧಪಡಿಸಲು ಅವರಿಗೆ ವರ್ಷಗಳೇ ಹಿಡಿದವು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೂತು ಪುಸ್ತಕ ಬರೆಯುವಾಗ ಯಾರೋ ಆ ಸಂಸ್ಥೆಗೆ ಬೆಂಕಿ ಇಟ್ಟರು. ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು, ಸುಟ್ಟುಹೋದವು. ಆಮೇಲೆ ನೆನಪನ್ನೇ ಬಹುಪಾಲು ನೆಚ್ಚಿ ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು.

ಹಾಗಾದರೆ ನೆನಪೇ ಸಾಕಲ್ಲ ಎಂದು ಕೇಳಬಹುದು. ಸಾಕಾಗುವುದಿಲ್ಲ. ಆ ಊರನ್ನು ಅವರು ಒಮ್ಮೆ ಬದುಕಿ, ಒಮ್ಮೆ ಬರೆದು, ವರ್ಷಗಟ್ಟಲೆ ಮತ್ತೆ ಮತ್ತೆ ವಿಂಗಡಿಸಿದ್ದರು. ಬರೆದು ಬರೆದು ಗಟ್ಟಿಯಾದ ನೆನಪದು. ನಮ್ಮ ಪಾಲಿಗೆ ಇನ್ನೊಂದು ಪಾಠವೂ ಇದೆ: ಮೂರು ಪ್ರತಿಯನ್ನು ಒಂದೇ ಕಡೆ ಇಡಬೇಡಿ. ಇವತ್ತು ನಿಮ್ಮ ಪುಟದ ಫೋಟೊ ತೆಗೆದು ಗೆಳತಿಗೋ ಅಣ್ಣನಿಗೋ ವಾಟ್ಸ್‌ಆ್ಯಪ್ ಮಾಡಿದರೆ ಮುಗಿಯಿತು.

ಹನ್ನೆರಡು ದಿನದ ಲೆಕ್ಕ

ಇಷ್ಟೆಲ್ಲ ಕೇಳಿ ಆ ಹುಡುಗಿ ಅಂದದ್ದು, "ಸರಿ ಅಣ್ಣ, ಈಗ ನಾನೇನ್ ಮಾಡ್ಲಿ?" ಪರೀಕ್ಷೆಗೆ ಹದಿನೈದು ದಿನ ಇತ್ತು. ಇಬ್ಬರೂ ಕೂತು ಹನ್ನೆರಡು ದಿನದ ಲೆಕ್ಕ ಹಾಕಿದೆವು. ನಿಮಗೂ ಬೇಕಾಗಬಹುದು.

1ನೇ ದಿನ: ಒಂದೇ ಪ್ರಶ್ನೆ ಆರಿಸಿಕೊಳ್ಳಿ. 'ನಮ್ಮೂರಿನ ಸಮಗ್ರ ಅಧ್ಯಯನ' ಬೇಡ. 'ನಮ್ಮೂರಲ್ಲಿ ಬೋರ್‌ವೆಲ್ ಆಳ ಹೇಗೆ ಬದಲಾಗಿದೆ?' ಎಂಬಂಥದ್ದು ಸಾಕು.

2ನೇ ದಿನ: ಊರು ಸುತ್ತಿ ಕಚ್ಚಾ ನಕ್ಷೆ ಬರೆಯಿರಿ. ಕೆರೆ, ದೇವಸ್ಥಾನ, ಶಾಲೆ, ಕೊಳವೆಬಾವಿಗಳನ್ನು ಗುರುತಿಸಿ. ಉತ್ತರ ದಿಕ್ಕು ಹಾಕುವುದನ್ನು ಮರೆಯಬೇಡಿ. ದೂರವನ್ನು ಹೆಜ್ಜೆಯಿಂದ ಅಳೆಯಬಹುದು, ಮೊದಲು ನಿಮ್ಮ ಹತ್ತು ಹೆಜ್ಜೆ ಎಷ್ಟು ಅಡಿ ಎಂದು ಟೇಪಿನಲ್ಲಿ ನೋಡಿಕೊಳ್ಳಿ.

3ನೇ ದಿನ: ಹತ್ತು ಪ್ರಶ್ನೆಯ ಪ್ರಶ್ನಾವಳಿ. ಎರಡು ಮನೆಯಲ್ಲಿ ಕೇಳಿ ನೋಡಿ. ಜನಕ್ಕೆ ಅರ್ಥವಾಗದ ಪ್ರಶ್ನೆ ತಿದ್ದಿ.

4ರಿಂದ 7: ಊರಲ್ಲಿ 100 ಮನೆ ಇದ್ದರೆ ಪ್ರತಿ ಐದನೆಯ ಮನೆ, ಒಟ್ಟು 20. ಇದೇ ಕ್ರಮಬದ್ಧ ಮಾದರಿ. ದಿನಕ್ಕೆ ಐದು ಮನೆ, ಮನೆಗೆ 20 ನಿಮಿಷ. ಜನ ಡೈರಿಗೆ ಹಾಲು ಹಾಕಿ ಬಂದ ಮೇಲೆ ಹೋಗಿ, ಕಟಾವಿನ ಹೊತ್ತಲ್ಲಿ ಬೇಡ. ಕೇಳಿದ್ದನ್ನು ಅವತ್ತೇ ರಾತ್ರಿ ನೀಟಾಗಿ ಬರೆದು ದಿನಾಂಕ ಹಾಕಿ.

8ನೇ ದಿನ: ಗ್ರಾಮ ಪಂಚಾಯಿತಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವ ಅಂಕಿಅಂಶ ಕೇಳಿ. ಇದು ದ್ವಿತೀಯಕ ದತ್ತಾಂಶ. ಮನೆಯವರು ಹೇಳಿದ್ದು ಪ್ರಾಥಮಿಕ. ಎರಡನ್ನೂ ತಾಳೆ ನೋಡಿ, ಲ್ಯಾಂಬ್ಟನ್ ನೋಡಿದ ಹಾಗೆ.

9ನೇ ದಿನ ಕೋಷ್ಟಕ, 10ನೇ ದಿನ ಸ್ತಂಭಾಲೇಖ ಮತ್ತು ಅಂತಿಮ ನಕ್ಷೆ, 11ನೇ ದಿನ ವರದಿ.

12ನೇ ದಿನ ಖಾಲಿ ಬಿಡಿ. ಜ್ವರ, ಕರೆಂಟು, ನೆಂಟರ ಮದುವೆ ಏನಾದರೊಂದು ಬಂದೇ ಬರುತ್ತದೆ.

ಒಂದು ಎಚ್ಚರಿಕೆ. 1800ರಲ್ಲಿ ಕಂದಾಯದ ಭಯ ಇತ್ತು, ಇವತ್ತು ಬಿಪಿಎಲ್ ಕಾರ್ಡಿನ ಭಯ ಇದೆ. "ಅಜ್ಜ, ಇದು ನನ್ನ ಪರೀಕ್ಷೆಗೆ, ಸರ್ಕಾರಕ್ಕೆ ಕೊಡಲ್ಲ, ನಿಮ್ಮ ಹೆಸರೂ ಬರೆಯಲ್ಲ" ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. 'ಉತ್ತರ ಸಿಗಲಿಲ್ಲ' ಎಂದು ಬರೆಯುವುದೂ ಕ್ಷೇತ್ರಕಾರ್ಯವೇ.

ಪರೀಕ್ಷಾ ಕೊಠಡಿಯಲ್ಲೂ ಇದೇ ಲೆಕ್ಕ. ನಿಮಿಷವನ್ನು ಅಂಕದಿಂದ ಭಾಗಿಸಿ. ಉದಾಹರಣೆಗೆ 180 ನಿಮಿಷಕ್ಕೆ 70 ಅಂಕ ಇದ್ದರೆ ಅಂಕಕ್ಕೆ ಎರಡೂವರೆ ನಿಮಿಷ. ಐದು ಅಂಕದ ಪ್ರಶ್ನೆಗೆ ಹನ್ನೆರಡು ನಿಮಿಷ ದಾಟಿದರೆ ಜಾಗ ಬಿಟ್ಟು ಮುಂದೆ ಹೋಗಿ. 'ಕ್ಷೇತ್ರ ಅಧ್ಯಯನದ ಹಂತಗಳನ್ನು ವಿವರಿಸಿ' ಎಂಬ ಪ್ರಶ್ನೆ ಬಂದರೆ ನೀವೇ ಮಾಡಿದ ಹನ್ನೆರಡು ದಿನ ಕಣ್ಣ ಮುಂದೆ ಬರುತ್ತದೆ, ಬಾಯಿಪಾಠ ಬೇಕಿಲ್ಲ.

ನಾಲ್ಕನೇ ದಿನ ರಾತ್ರಿ ಆ ಹುಡುಗಿ ತನ್ನ ಪುಟದ ಫೋಟೊ ಕಳಿಸಿದಳು. ಐದು ಮನೆಯ ಬೋರ್‌ವೆಲ್ ಆಳ, ಕೊರೆಸಿದ ವರ್ಷ, ಮೇಲೆ ದಿನಾಂಕ. ಒಂದು ಮನೆಯ ಎದುರು ಪೆನ್ಸಿಲಿನಲ್ಲಿ ಬರೆದಿದ್ದಳು: 'ಅಜ್ಜಿಗೆ ವರ್ಷ ನೆನಪಿಲ್ಲ. ಮಗಳ ಮದುವೆ ಆದ ಮುಂದಿನ ಬೇಸಿಗೆ ಅಂದರು. ನಾಳೆ ಮಗಳನ್ನು ಕೇಳಬೇಕು.'

ಆ ಫೋಟೊವನ್ನು ನಾವು ಅಳಿಸಿಲ್ಲ. ಹತ್ತು ವರ್ಷ ಬಿಟ್ಟು ನಮ್ಮೂರಿನ ನೀರಿನ ಬಗ್ಗೆ ಬರೆಯುವ ವರದಿಗಾರನಿಗೆ ಆ ಒಂದು ಪುಟ ಬೇಕಾಗುತ್ತದೆ.